ಕಾವೇರಿ ಪೂರೈಕೆ ನಿಲ್ಲುವ ದಿನಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

2025ರ ಸೆಪ್ಟೆಂಬರ್ 15ರಿಂದ 17ರವರೆಗೆ ಬೆಂಗಳೂರಿಗೆ ನೀರುಣಿಸುವ ಕಾವೇರಿ ಯೋಜನೆಯ ಐದನೇ ಹಂತವನ್ನು 60 ಗಂಟೆ, ಮೊದಲ ನಾಲ್ಕು ಹಂತಗಳನ್ನು 24 ಗಂಟೆ ನಿರ್ವಹಣೆಗಾಗಿ ನಿಲ್ಲಿಸಲಾಗಿತ್ತು. 2024ರ ಫೆಬ್ರವರಿ 27ರಂದು ದೊಡ್ಡ ಕೊಳವೆಗಳಿಗೆ ನೀರಿನ ಅಳತೆಯ ಮೀಟರ್ ಅಳವಡಿಸಲೆಂದು ಒಂದು ದಿನದ ಮಟ್ಟಿಗೆ ಹೀಗೆಯೇ ನಿಂತಿತ್ತು. ಇಂಥ ನಿಲುಗಡೆಗಳ ಕುರಿತು ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಕನ್ನಂಬಾಡಿ ಅಣೆಕಟ್ಟೆ ತುಂಬಿ ಹೊರಗೆ ನೀರು ಬಿಡುತ್ತಿರುವಾಗಲೂ ನಮ್ಮ ನಲ್ಲಿಯಲ್ಲಿ ನೀರಿಲ್ಲವೆಂದರೆ ಏನರ್ಥ? ಇದು ಆಡಳಿತದ ವೈಫಲ್ಯವಲ್ಲವೇ?
(ಓದುಗರು, ರಾಜಾಜಿನಗರ)

ಉತ್ತರ: ನಿಮ್ಮ ಸಿಟ್ಟು ಸಹಜವಾದದ್ದು. ಕೆಆರ್‌ಎಸ್ 2025ರಲ್ಲಿ ಜೂನ್ ತಿಂಗಳಲ್ಲೇ 124.80 ಅಡಿಯ ಗರಿಷ್ಠ ಮಟ್ಟ ಮುಟ್ಟಿತ್ತು. ಆ ವರ್ಷದ ಸೆಪ್ಟೆಂಬರಿನಲ್ಲಿ ನೀರಿನ ಕೊರತೆ ಇರಲಿಲ್ಲ. ಆದರೆ ಅಣೆಕಟ್ಟೆಯಲ್ಲಿ ನಿಂತ ನೀರಿಗೂ ನಿಮ್ಮ ಮನೆಯ ನಲ್ಲಿಗೂ ನಡುವೆ ಉದ್ದದ ಸರಪಳಿಯೊಂದಿದೆ, ಅದರ ಯಾವ ಕೊಂಡಿ ಬಿಚ್ಚಿದರೂ ನೀರು ಅಲ್ಲಿಗೇ ನಿಲ್ಲುತ್ತದೆ. ಕಾವೇರಿಯ ನೀರು ಶಿವನಸಮುದ್ರದ ಬಳಿಯ ಶಿವಾ ಅಣೆಕಟ್ಟಿನಿಂದ ನೆಟ್ಕಲ್ ಸಮತೋಲನ ಜಲಾಶಯಕ್ಕೆ ಬಂದು, ಅಲ್ಲಿಂದ ತೊರೆಕಾಡನಹಳ್ಳಿಯ ಶುದ್ಧೀಕರಣ ಘಟಕ ಸೇರುತ್ತದೆ. ಶುದ್ಧವಾದ ನೀರನ್ನು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಮಜಲುಗಳಲ್ಲಿ ಪಂಪ್ ಮಾಡಿ, ಸುಮಾರು 100 ಕಿಲೋಮೀಟರ್ ದೂರ ಸಾಗಿಸಿ, ಹೆಚ್ಚುಕಡಿಮೆ 500 ಮೀಟರ್ ಎತ್ತರಕ್ಕೆ ಏರಿಸಬೇಕು. ಬೆಂಗಳೂರಿಗೆ ಬರುವ ಕಾವೇರಿಯ ಒಂದೊಂದು ಹನಿಯೂ ವಿದ್ಯುತ್ತಿನ ಬಲದಿಂದ ಹತ್ತಿ ಬಂದದ್ದು. 1974ರ ಮೊದಲ ಹಂತದಿಂದ ಆರಂಭಿಸಿ 2024ರ ಅಕ್ಟೋಬರ್ 16ರಂದು ಲೋಕಾರ್ಪಣೆಯಾದ ಐದನೇ ಹಂತದವರೆಗೆ ಈ ವ್ಯವಸ್ಥೆ ದಿನಕ್ಕೆ 222.5 ಕೋಟಿ ಲೀಟರ್ ಸಾಮರ್ಥ್ಯಕ್ಕೆ ಬೆಳೆದಿದೆ. ಐದನೇ ಹಂತವೊಂದರದೇ ಪಾಲು 77.5 ಕೋಟಿ ಲೀಟರ್.

ಈ ಪಂಪುಗಳು ಹಗಲಿರುಳೂ ಓಡುವಂಥವು. ಕವಾಟದ ಸೀಲು ಸವೆಯುತ್ತದೆ, ಟ್ರಾನ್ಸ್‌ಫಾರ್ಮರಿನ ಎಣ್ಣೆ ಹಳತಾಗುತ್ತದೆ, ಕೊಳವೆಯ ಬೆಸುಗೆಯಲ್ಲಿ ಸಣ್ಣ ಸೋರಿಕೆ ಕಾಣಿಸಿಕೊಳ್ಳುತ್ತದೆ. ಇವುಗಳಲ್ಲಿ ಕೆಲವನ್ನು ನೀರು ಹರಿಯುತ್ತಿರುವಾಗಲೇ ಸರಿಪಡಿಸಬಹುದು. ಆದರೆ ಮುಖ್ಯ ಕೊಳವೆಗೆ ಬೆಸುಗೆ ಹಾಕಬೇಕಾದರೆ, ದೊಡ್ಡ ಕವಾಟವನ್ನು ಬದಲಿಸಬೇಕಾದರೆ, ಒಂದು ಹಂತದ ಕೊಳವೆಗೆ ಇನ್ನೊಂದರದನ್ನು ಜೋಡಿಸಬೇಕಾದರೆ ಆ ಭಾಗವನ್ನು ಬರಿದು ಮಾಡದೆ ಬೇರೆ ದಾರಿಯಿಲ್ಲ. ದಿನ, ಗಂಟೆ ಹೇಳಿ ನಿಲ್ಲಿಸಿ ಮಾಡುವ ಈ ಕೆಲಸವನ್ನು ವೈಫಲ್ಯವೆನ್ನುವುದು ಸರಿಯಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಜನರ ಸಿಟ್ಟಿಗೆ ಹೆದರಿ ನಿರ್ವಹಣೆಯನ್ನು ವರ್ಷದಿಂದ ವರ್ಷಕ್ಕೆ ಮುಂದೂಡುವುದು, ಕೊಳವೆ ತಾನಾಗಿ ಒಡೆಯುವವರೆಗೆ ಕಾಯುವುದು ನಿಜವಾದ ವೈಫಲ್ಯ. ಹಾಗೆ ಒಡೆದಾಗ ಯಾರಿಗೂ ಮುನ್ಸೂಚನೆ ಸಿಗುವುದಿಲ್ಲ, ನೀರು ಯಾವಾಗ ಬರುತ್ತದೆಂದು ಹೇಳುವವರೂ ಇರುವುದಿಲ್ಲ.

ನಿಲುಗಡೆಯ ಬಿಸಿ ಇಡೀ ನಗರಕ್ಕೆ ತಟ್ಟುವುದಕ್ಕೆ ಇನ್ನೊಂದು ಕಾರಣವಿದೆ. 1896ರಿಂದ ಹೆಸರಘಟ್ಟವೂ 1933ರಿಂದ ತಿಪ್ಪಗೊಂಡನಹಳ್ಳಿಯೂ ಈ ಊರಿಗೆ ನೀರು ಕೊಟ್ಟಿದ್ದವು; ಅರ್ಕಾವತಿ ಒಣಗಿ, ಕೊಳಕಾಗಿ ಅವೆರಡೂ ಕೈಬಿಟ್ಟ ಮೇಲೆ ನಾವು ಒಂದೇ ನದಿಯ, ಒಂದೇ ದಾರಿಯ ನೀರನ್ನು ನೆಚ್ಚಿಕೊಂಡಿದ್ದೇವೆ. ನಗರದೊಳಗಿನ ನೆಲಮಟ್ಟದ ಜಲಾಗಾರಗಳಲ್ಲಿರುವ ದಾಸ್ತಾನು ಗಂಟೆಗಳ ಲೆಕ್ಕದ್ದು, ದಿನಗಳದ್ದಲ್ಲ.

ಪ್ರಶ್ನೆ: ಮಳೆಗಾಲದಲ್ಲೇ ಏಕೆ ಈ ಕೆಲಸ? ಶಾಲೆಗಳಿಗೆ ರಜೆಯಿರುವ ಬೇಸಿಗೆಯಲ್ಲಿ ಮಾಡಿಕೊಳ್ಳಬಾರದೇ?
(ಓದುಗರು, ಬಸವೇಶ್ವರನಗರ)

ಉತ್ತರ: ಬೇಸಿಗೆಯಲ್ಲಿ ಬೇಡಿಕೆ ಏರಿರುತ್ತದೆ, ಕೊಳವೆಬಾವಿಗಳ ಮಟ್ಟ ಇಳಿದಿರುತ್ತದೆ, ಟ್ಯಾಂಕರುಗಳಿಗೆ ಬಿಡುವಿರುವುದಿಲ್ಲ. ಪಂಪು, ಕೊಳವೆ, ಶುದ್ಧೀಕರಣ ಘಟಕಗಳ ಕೆಲಸಕ್ಕೆ ಬೇಡಿಕೆ ತಗ್ಗಿದ ತಿಂಗಳೇ ಸೂಕ್ತ. ಮಳೆಗಾಲದಲ್ಲಿ ತೋಟಕ್ಕೆ ನೀರು ಬೇಡ. ನೂರು ಚದರ ಮೀಟರಿನ ಚಾವಣಿಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಎರಡು ಸಾವಿರ ಲೀಟರಿನಷ್ಟು ನೀರು ಇಳಿಯುತ್ತದೆ. ಸ್ವಲ್ಪ ನಷ್ಟ ಕಳೆದರೂ ಒಂದು ಕುಟುಂಬಕ್ಕೆ ಬಟ್ಟೆ ಒಗೆಯಲು, ಶೌಚಕ್ಕೆ ಹಲವು ದಿನ ಸಾಕಾಗುವ ನೀರದು. ಮಳೆನೀರು ಸಂಗ್ರಹವನ್ನು ಕಾನೂನು ಕಡ್ಡಾಯ ಮಾಡಿದೆಯೆಂದು ಕೊಳವೆ ಹಾಕಿಸಿ ಮರೆತುಬಿಟ್ಟ ಮನೆಗಳು ಅದರ ಸೋಸುಕವನ್ನು ತೊಳೆದಿಡಲು ನಿಲುಗಡೆಯ ಹಿಂದಿನ ವಾರ ಒಳ್ಳೆಯ ಸಮಯ.

ಅಣೆಕಟ್ಟೆಯದೇ ಗೇಟು, ಗೋಡೆಗಳ ಕೆಲಸವಾದರೆ ಲೆಕ್ಕ ತಿರುಗುಮುರುಗಾಗುತ್ತದೆ. ಅದಕ್ಕೆ ನೀರಿನ ಮಟ್ಟ ತಗ್ಗಿರಬೇಕು, ಅಂದರೆ ಬೇಸಿಗೆಯೇ ಬೇಕು. ಬೇಸಿಗೆಯಲ್ಲಿ ನೀರಿನ ಅಗತ್ಯವೂ ಹೆಚ್ಚು. ತುಂಗಭದ್ರಾ ಅಣೆಕಟ್ಟೆಯಲ್ಲಿ ಈ ಇಕ್ಕಟ್ಟನ್ನು ನಾವು ಕಣ್ಣಾರೆ ಕಂಡೆವು. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಹರಿಯುತ್ತಿರುವ ನೀರಿನಲ್ಲೇ ತಾತ್ಕಾಲಿಕ ತಡೆಗೇಟನ್ನು ಇಳಿಸಲು ತಜ್ಞರು, ಕಾರ್ಮಿಕರು ಒಂದು ವಾರ ಹೋರಾಡಿದರು. ಅಷ್ಟರೊಳಗೆ ಹತ್ತಾರು ಟಿಎಂಸಿ ಅಡಿ ನೀರು ನದಿಗೆ ಹೋಯಿತು. ಉಳಿದ ಗೇಟುಗಳೂ ಏಳು ದಶಕ ದಾಟಿದ್ದರಿಂದ ಮರುವರ್ಷ ಜಲಾಶಯದಲ್ಲಿ ಪೂರ್ಣ ಪ್ರಮಾಣದ ಸುಮಾರು 105 ಟಿಎಂಸಿ ಅಡಿಗೆ ಬದಲು 80ರ ಆಸುಪಾಸಿನಲ್ಲೇ ನೀರು ನಿಲ್ಲಿಸಬೇಕಾಯಿತು. ಗೇಟು ಬದಲಿಸಲು ಜಲಾಶಯವನ್ನು ತಗ್ಗಿಸುವಾಗ ಎರಡನೇ ಬೆಳೆಯ ನೀರನ್ನು ಕಳೆದುಕೊಳ್ಳುವವನು ಕೊಪ್ಪಳ, ರಾಯಚೂರು, ಬಳ್ಳಾರಿ ಭಾಗದ ರೈತ. ಮೂರು ದಿನದ ತೊಂದರೆಗೆ ಬೇಸರಪಡುವ ನಗರವಾಸಿಗಳು ಈ ಮಾತನ್ನು ಒಮ್ಮೆ ನೆನೆಯಬೇಕು.

ಕಾಲ ನೋಡಿ ಕೆಲಸ ಮಾಡುವುದು ಎಷ್ಟು ಕಷ್ಟವೆಂಬುದಕ್ಕೆ ನ್ಯೂಯಾರ್ಕಿನ ಉದಾಹರಣೆಯೂ ಇದೆ. ಆ ನಗರದ ಅರ್ಧದಷ್ಟು ನೀರನ್ನು ತರುವ, 137 ಕಿಲೋಮೀಟರ್ ಉದ್ದದ ಡೆಲವೇರ್ ಸುರಂಗ ಕಾಲುವೆ ದಿನಕ್ಕೆ 13 ಕೋಟಿ ಲೀಟರಿನವರೆಗೆ ಸೋರುತ್ತಿತ್ತು. ಹಡ್ಸನ್ ನದಿಯ ಕೆಳಗೆ ಬದಲಿ ಸುರಂಗ ಕೊರೆದು, ವರ್ಷಗಟ್ಟಲೆ ತಯಾರಿ ನಡೆಸಿ, ಬೇಡಿಕೆ ಇಳಿಯುವ ಅಕ್ಟೋಬರನ್ನೇ ಆರಿಸಿ 2024ರಲ್ಲಿ ಕಾಲುವೆಯನ್ನು ಮುಚ್ಚಿದರು. ಆ ಶರತ್ಕಾಲದಲ್ಲಿ ಮಳೆಯೇ ಬರಲಿಲ್ಲ. ನವೆಂಬರಿನಲ್ಲಿ ಬರದ ಎಚ್ಚರಿಕೆ ಹೊರಡಿಸಿ, ಕೆಲಸ ನಿಲ್ಲಿಸಿ, ಕಾಲುವೆಯನ್ನು ಮತ್ತೆ ತೆರೆದರು. ಕೆಲಸ ಎಷ್ಟೇ ತುರ್ತಿನದಾದರೂ ಹಿಂದೆ ಸರಿಯುವ ಗಡಿಯೊಂದನ್ನು ಮೊದಲೇ ಗುರುತಿಸಿಟ್ಟುಕೊಂಡಿದ್ದರೆ ಮಾತ್ರ ಹೀಗೆ ಮಾಡಲು ಸಾಧ್ಯ.

ಪ್ರಶ್ನೆ: ನಾವು ನಾಲ್ಕು ಜನ. 1000 ಲೀಟರಿನ ಓವರ್‌ಹೆಡ್ ಟ್ಯಾಂಕ್ ಇದೆ, ಚಿಕ್ಕ ಸಂಪ್ ಇದೆ. ಎರಡೂವರೆ ದಿನಕ್ಕೆ ಎಷ್ಟು ನೀರು ಹಿಡಿದಿಟ್ಟುಕೊಳ್ಳಬೇಕು? ಡ್ರಮ್ಮುಗಳನ್ನು ಕೊಂಡುತರಬೇಕೇ?
(ಓದುಗರು, ಜೆ.ಪಿ. ನಗರ)

ಉತ್ತರ: ಡ್ರಮ್ ಬೇಡ. ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರ್ ಎಂಬುದು ನಮ್ಮ ದೇಶದ ಯೋಜನಾ ಮಾನದಂಡ. ಆ ಲೆಕ್ಕದಲ್ಲಿ ನಾಲ್ವರಿಗೆ ದಿನಕ್ಕೆ 540 ಲೀಟರ್, 60 ಗಂಟೆಗೆ 1350 ಲೀಟರ್. ಬಟ್ಟೆ ಒಗೆಯುವುದನ್ನು ನೀರು ಬರುವ ದಿನಕ್ಕೆ ಮುಂದೂಡಿ, ಷವರ್ ಬಿಟ್ಟು ಬಕೆಟ್ಟಿನಲ್ಲಿ ಸ್ನಾನ ಮಾಡಿ, ಪಾತ್ರೆಯನ್ನು ಹರಿಯುವ ನಲ್ಲಿಯ ಕೆಳಗೆ ಹಿಡಿಯದೆ ಬೋಗುಣಿಯಲ್ಲಿ ತೊಳೆದರೆ ತಲಾ 70 ಲೀಟರಿನಲ್ಲಿ ಯಾವ ಬವಣೆಯೂ ಇಲ್ಲದೆ ದಿನ ಕಳೆಯುತ್ತದೆ; ಆಗ ನಿಮಗೆ ಬೇಕಾಗುವುದು 700 ಲೀಟರ್. ಹೋಲಿಕೆಗೆಂದು ಹೇಳುವುದಾದರೆ, ವಿಪತ್ತಿನ ಕಾಲದ ನಿರಾಶ್ರಿತ ಶಿಬಿರಗಳಿಗೆ ಅಂತರರಾಷ್ಟ್ರೀಯ ಪರಿಹಾರ ಸಂಸ್ಥೆಗಳು ನಿಗದಿ ಮಾಡಿರುವ ಕನಿಷ್ಠ ಪ್ರಮಾಣ ತಲಾ 15 ಲೀಟರ್. ನಿಮ್ಮ ಟ್ಯಾಂಕ್ ಎಂದಿನಂತೆ ತುಂಬಿದ್ದು, ಕುಡಿಯಲು ಅಡುಗೆಗೆಂದು 40 ಲೀಟರ್ ಬೇರೆ ಮುಚ್ಚಿಟ್ಟರೆ ಅದು ಧಾರಾಳವಾಯಿತು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಜಲಮಂಡಳಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಂಪರ್ಕಗಳಿವೆ. ನಿಲುಗಡೆಯ ಹಿಂದಿನ ದಿನ ಒಂದೊಂದು ಸಂಪರ್ಕದವರು ಡ್ರಮ್ಮು, ಬಿಂದಿಗೆ, ಬಾತ್‌ಟಬ್ ಎಂದು ಬರೀ 200 ಲೀಟರ್ ಹೆಚ್ಚಿಗೆ ಹಿಡಿದರೂ ಅದು 20 ಕೋಟಿ ಲೀಟರ್ ಆಗುತ್ತದೆ. ಕಾವೇರಿಯ ಐದೂ ಹಂತಗಳು ಪೂರ್ಣ ಸಾಮರ್ಥ್ಯದಲ್ಲಿ ಓಡಿದರೂ ಒಂದು ದಿನದಲ್ಲಿ ಬರುವ ನೀರಿನ ಹನ್ನೊಂದನೇ ಒಂದು ಪಾಲು ಅದು. ಈ ನೂಕುನುಗ್ಗಲಿನಿಂದಾಗಿ ಜಲಾಗಾರಗಳು ತುಂಬಿರಬೇಕಾದ ಹೊತ್ತಿನಲ್ಲೇ ಬರಿದಾಗುತ್ತವೆ, ಕೊಳವೆಯ ಕೊನೆಯಲ್ಲಿರುವವರಿಗೆ ನೀರು ಮುಟ್ಟುವುದೇ ಇಲ್ಲ. ಅಂಥವರಿಗೆ ನಿಲುಗಡೆ ಒಂದು ದಿನ ಮೊದಲೇ ಶುರುವಾಗಿರುತ್ತದೆ. ಆದ್ದರಿಂದ ಮೂರು ನಾಲ್ಕು ದಿನ ಮುಂಚಿನಿಂದಲೇ ಸ್ವಲ್ಪಸ್ವಲ್ಪವಾಗಿ ಸಂಪ್ ತುಂಬಿಸಿಕೊಳ್ಳಿ; ಅದು ತುಂಬಿದ್ದರೆ ಕೊನೆಯ ದಿನ ಏನನ್ನೂ ಮಾಡಬೇಡಿ.

ಪ್ರಶ್ನೆ: ಹಿಡಿದಿಟ್ಟ ನೀರು ಮಾರನೆಯ ದಿನಕ್ಕೆ ಹಳಸುತ್ತದೆಯೇ? ನಮ್ಮತ್ತೆ ಹೊಸ ನೀರು ಬಂದ ಕೂಡಲೇ ಹಳೆಯದನ್ನು ಚೆಲ್ಲಿಸುತ್ತಾರೆ.
(ಓದುಗರು, ಮಲ್ಲೇಶ್ವರ)

ಉತ್ತರ: ಹಳಸುವುದಿಲ್ಲ. ಶುದ್ಧ ಪಾತ್ರೆಯಲ್ಲಿ ಮುಚ್ಚಿಟ್ಟ ನೀರು ಹಲವು ದಿನ ಬಳಕೆಗೆ ಯೋಗ್ಯ. ಅದರಲ್ಲಿರುವ ಕ್ಲೋರಿನ್ ಕ್ರಮೇಣ ಕಡಿಮೆಯಾಗುತ್ತದೆಂಬುದು ನಿಜ, ಹಾಗಾಗಿ ಕುಡಿಯುವ ನೀರಿನ ಬಗ್ಗೆ ಅನುಮಾನ ಬಂದರೆ ಕುದಿಸಿಕೊಳ್ಳಿ. ಗುಳ್ಳೆಗಳೆದ್ದು ಒಂದು ನಿಮಿಷ ಕೊತಕೊತ ಕುದಿದರೆ ಸಾಕು, ಹತ್ತು ನಿಮಿಷ ಗ್ಯಾಸ್ ಉರಿಸಬೇಕಿಲ್ಲ. ಕೆಡುವುದು ಸಾಮಾನ್ಯವಾಗಿ ನೀರಿನೊಳಗೆ ಕೈ ಅದ್ದುವುದರಿಂದ. ಉದ್ದ ಹಿಡಿಯ ಸೌಟನ್ನೋ ನಲ್ಲಿಯಿರುವ ಪಾತ್ರೆಯನ್ನೋ ಬಳಸಿ. ತೆರೆದಿಟ್ಟ ಬಕೆಟ್ಟಿನಲ್ಲಿ ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ, ಮೊಟ್ಟೆ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು, ಮಳೆಗಾಲದಲ್ಲಂತೂ ಇದು ದೊಡ್ಡ ಅಪಾಯ. ಹಾಗಾಗಿ ಮುಚ್ಚಳ ಮುಖ್ಯ. ನಿಮ್ಮ ಅತ್ತೆಯವರ ಮಡಿಗೆ ಭಂಗ ಬರದಂತೆ ಒಂದು ದಾರಿಯಿದೆ: ಹಳೆಯ ನೀರನ್ನು ನೆಲ ಒರೆಸಲು, ಗಿಡಗಳಿಗೆ, ಶೌಚಕ್ಕೆ ತೆಗೆದಿರಿಸಿ.

ಪ್ರಶ್ನೆ: ನಮ್ಮದು ವಠಾರದ ಮನೆ. ಎಂಟು ಸಂಸಾರಗಳಿಗೆ ಒಂದೇ ನಲ್ಲಿ, ಸಂಪ್ ಇಲ್ಲ. ಎಂದಿನ ದಿನಗಳಲ್ಲೇ ಎರಡು ದಿನಕ್ಕೊಮ್ಮೆ ನೀರು. ನೀರು ನಿಂತರೆ ನಾವು ಎಲ್ಲಿ ತುಂಬಿಸಿಡುವುದು?
(ಓದುಗರು, ಶ್ರೀರಾಮಪುರ)

ಉತ್ತರ: ಬಂದ ಪ್ರಶ್ನೆಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ನಿಮ್ಮದು. ನಿಲುಗಡೆಯ ಪ್ರಕಟಣೆಗಳೆಲ್ಲ ಅಗತ್ಯವಿರುವಷ್ಟು ನೀರನ್ನು ಸಂಗ್ರಹಿಸಿಟ್ಟುಕೊಳ್ಳಿ ಎನ್ನುತ್ತವೆ. ಸಂಗ್ರಹಿಸಲು ಜಾಗವಿರುವವನಿಗೆ ಮಾತ್ರ ಆ ಮಾತು ಅನ್ವಯಿಸುತ್ತದೆ. ಹದಿನೈದು ಸಾವಿರ ಲೀಟರಿನ ಸಂಪ್ ಇರುವ ಮನೆಗೆ ಮೂರು ದಿನದ ನಿಲುಗಡೆ ಗೊತ್ತೇ ಆಗುವುದಿಲ್ಲ, ಆರು ಬಿಂದಿಗೆಯ ಮನೆಗೆ ಮೊದಲ ಸಂಜೆಯೇ ಗೊತ್ತಾಗುತ್ತದೆ.

ನಿಮ್ಮ ಕಡೆಯಿಂದ ಮಾಡಬಹುದಾದದ್ದು ಇಷ್ಟು. ವಠಾರದ ಎಂಟೂ ಮನೆಗಳು ಸೇರಿ ನಿಲುಗಡೆಗೆ ಒಂದು ವಾರ ಮೊದಲೇ ನಿಮ್ಮ ಬಡಾವಣೆಯ ಜಲಮಂಡಳಿ ಸೇವಾ ಠಾಣೆಗೆ ಬರವಣಿಗೆಯಲ್ಲಿ ಮನವಿ ಕೊಡಿ. 1916 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಿ, ಅದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ನಿಮ್ಮ ಸರದಿಯ ದಿನ ನಿಲುಗಡೆಯೊಳಗೆ ಬೀಳುವುದಾದರೆ ಅದನ್ನು ಹಿಂದಿನ ದಿನಕ್ಕೆ ಎಳೆದುಕೊಡುವಂತೆ ಕೇಳಿ. ಇದು ವಾಲ್ವ್‌ಮನ್‌ನ ಕೈಯಲ್ಲಿ ಆಗುವ ಕೆಲಸವಾದರೂ ಅವನಿಗೆ ಮೇಲಿನಿಂದ ಆದೇಶ ಬರಬೇಕು.

ಇನ್ನು ಆಡಳಿತ ಮಾಡಬೇಕಾದದ್ದು. ಸಂಪ್ ಇಲ್ಲದ ಬೀದಿಗಳು ಯಾವುವೆಂಬುದು ಆಯಾ ಭಾಗದ ವಾಲ್ವ್‌ಮನ್‌ಗಳಿಗೆ ಚೆನ್ನಾಗಿ ಗೊತ್ತು. ಆ ಪಟ್ಟಿ ಕಚೇರಿಗೆ ಬಂದರೆ, ನಿಲುಗಡೆಯ ಎರಡನೇ ದಿನ ಟ್ಯಾಂಕರುಗಳು ಎಲ್ಲಿ ನಿಲ್ಲಬೇಕೆಂಬ ಪ್ರಶ್ನೆಗೆ ಉತ್ತರ ಸಿಕ್ಕಿದಂತೆಯೇ. ಬೀದಿ ಮೂಲೆಯಲ್ಲಿ ತಾತ್ಕಾಲಿಕವಾಗಿ 2000 ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್ ಇಟ್ಟು ಮೊದಲೇ ತುಂಬಿಸಿಟ್ಟರೂ ಆಯಿತು. ಬರಗಾಲದಲ್ಲಿ ನಮ್ಮ ಸ್ಥಳೀಯ ಸಂಸ್ಥೆಗಳು ಮಾಡಿ ಅಭ್ಯಾಸವಿರುವ ಕೆಲಸವೇ ಇದು. ಮುಂದಿನ ಸಲ ದಿನಾಂಕ ಪ್ರಕಟಿಸುವಾಗಲೇ ಈ ಟ್ಯಾಂಕುಗಳ ಜಾಗಗಳನ್ನೂ ಪ್ರಕಟಿಸಲಿ ಎಂದು ಈ ಅಂಕಣದ ಮೂಲಕ ಒತ್ತಾಯಿಸುತ್ತೇನೆ.

ಪ್ರಶ್ನೆ: ಮೂರನೆಯ ದಿನ ಮಧ್ಯಾಹ್ನಕ್ಕೆ ಪೂರೈಕೆ ಶುರು ಎನ್ನುತ್ತಾರೆ. ನಮಗೆ ಮತ್ತೆರಡು ದಿನ ಬರುವುದಿಲ್ಲ, ಬಂದರೂ ಕೆಂಪು ನೀರು. ಹೀಗೇಕೆ?
(ಓದುಗರು, ನಾಗರಬಾವಿ)

ಉತ್ತರ: ಕೆಲಸ ಮುಗಿಯುವುದಕ್ಕೂ ನಲ್ಲಿಯಲ್ಲಿ ನೀರು ಬರುವುದಕ್ಕೂ ನಡುವಿನ ಈ ಅವಧಿಯ ಬಗ್ಗೆ ಪ್ರಕಟಣೆಗಳು ಒಂದು ಸಾಲನ್ನೂ ಹೇಳುವುದಿಲ್ಲ, ಜನರ ನಂಬಿಕೆ ಕೆಡುವುದು ಅಲ್ಲಿಯೇ.

ಬರಿದಾದ ಕೊಳವೆಯನ್ನು ತುಂಬಿಸುವುದು ನಿಧಾನದ ಕೆಲಸ. ಮೂರು ಮೀಟರ್ ವ್ಯಾಸದ ಕೊಳವೆಯ ಒಂದು ಕಿಲೋಮೀಟರ್ ಉದ್ದ ತುಂಬಲು ಸುಮಾರು 70 ಲಕ್ಷ ಲೀಟರ್ ಬೇಕು. ಅವಸರದಲ್ಲಿ ತುಂಬಿಸುವಂತೆಯೂ ಇಲ್ಲ: ಒಳಗೆ ಸಿಕ್ಕಿಕೊಂಡ ಗಾಳಿ ಏರುತಗ್ಗಿನ ದಾರಿಯ ಎತ್ತರದ ಜಾಗಗಳಲ್ಲಿರುವ ಗಾಳಿಕವಾಟಗಳಿಂದ ಹೊರಹೋಗಬೇಕು. ಅದಕ್ಕೆ ಸಮಯ ಕೊಡದೆ ಪಂಪುಗಳನ್ನೆಲ್ಲ ಒಟ್ಟಿಗೆ ಚಾಲೂ ಮಾಡಿದರೆ ನೀರಿನ ಹೊಡೆತಕ್ಕೆ ಆಗಷ್ಟೇ ಹಾಕಿದ ಬೆಸುಗೆಯೇ ಬಿಟ್ಟುಕೊಂಡೀತು. ಹಾಗಾಗಿ ಒಂದು ಪಂಪು ಓಡಿಸಿ, ಒತ್ತಡ ನೋಡಿ, ಇನ್ನೊಂದನ್ನು ಸೇರಿಸುತ್ತಾರೆ. ಆಮೇಲೆ ನಗರದ ಜಲಾಗಾರಗಳು ತುಂಬಬೇಕು, ಆಮೇಲೆ ಬಡಾವಣೆಯ ಕೊಳವೆಗಳು.

ಅಷ್ಟು ಹೊತ್ತಿಗೆ ನಗರದ ಸಂಪುಗಳೆಲ್ಲ ಬತ್ತಿ ಬಾಯ್ದೆರೆದಿರುತ್ತವೆ. ಕೊಳವೆಗೆ ಒತ್ತಡ ಬಂದೊಡನೆ ಇಳಿಜಾರಿನ, ಜಲಾಗಾರಕ್ಕೆ ಹತ್ತಿರದ ಮನೆಗಳ ಸಂಪುಗಳು ಪೂರ್ಣ ಬಾಯಿ ತೆರೆದು ಎಳೆದುಕೊಳ್ಳುತ್ತವೆ. ಒಂದು ಲಕ್ಷ ಲೀಟರಿನ ಸಂಪ್ ಇರುವ ವಸತಿ ಸಮುಚ್ಚಯವೊಂದು ಆ ಬೀದಿಯ ತಲೆಯಲ್ಲಿದ್ದರೆ, ಅದು ತುಂಬುವವರೆಗೆ ಬೀದಿಯ ಬಾಲದಲ್ಲಿರುವವರಿಗೆ ಒತ್ತಡವೇ ಸಿಗುವುದಿಲ್ಲ. ನಿಮಗೆ ಎರಡು ದಿನ ತಡವಾಗುವುದು ಇದರಿಂದ. ನಿಲುಗಡೆಯ ವೇಳೆ ಬೇಡಿಕೆಯನ್ನು ನಿರ್ವಹಿಸುವುದೆಂದರೆ ನೀರಿಲ್ಲದ ದಿನ ಮಿತವಾಗಿ ಬಳಸಿ ಎಂದು ಹೇಳುವುದಷ್ಟೇ ಎಂದು ಬಹಳ ಜನ ತಿಳಿದಿದ್ದಾರೆ. ನನ್ನ ದೃಷ್ಟಿಯಲ್ಲಿ ನೀರು ಮರಳಿ ಬಂದ ಮೊದಲ 24 ಗಂಟೆಗಳೇ ಅದರ ಕಠಿಣ ಭಾಗ. ಆ ಅವಧಿಯಲ್ಲಿ ದೊಡ್ಡ ಗ್ರಾಹಕರ ಕವಾಟಗಳನ್ನು ಅರ್ಧವಷ್ಟೇ ತೆರೆದು, ಕೊನೆಯ ಬೀದಿಗಳಿಗೆ ಮೊದಲು ನೀರು ಮುಟ್ಟಿಸಿ, ಆಮೇಲೆ ಉಳಿದವರ ಸಂಪುಗಳನ್ನು ತುಂಬಲು ಬಿಡಬೇಕು. 2024ರ ಮಾರ್ಚಿನ ಕೊರತೆಯಲ್ಲಿ ದೊಡ್ಡ ಗ್ರಾಹಕರ ಪೂರೈಕೆಯನ್ನು ಶೇ. 20ರಷ್ಟು ಕಡಿತಗೊಳಿಸಲು ಜಲಮಂಡಳಿ ಮುಂದಾಗಿತ್ತು. ಮೀಟರುಗಳೂ ಈಗ ಇವೆ. ಒಂದು ದಿನದ ಮಟ್ಟಿಗೆ ಇದನ್ನು ಮಾಡುವುದು ಅಸಾಧ್ಯವೇನಲ್ಲ.

ಕೆಂಪು ನೀರಿನ ವಿಷಯ. ನೀರು ನಿಂತು ಮತ್ತೆ ರಭಸದಿಂದ ಹರಿದಾಗ ಹಳೆಯ ಕಬ್ಬಿಣದ ಕೊಳವೆಯ ತುಕ್ಕು, ತಳದಲ್ಲಿ ಕುಳಿತ ಹೂಳು ಎದ್ದು ಬರುತ್ತವೆ. ಬಣ್ಣಕ್ಕಿಂತ ಹೆಚ್ಚು ಚಿಂತೆ ಮಾಡಬೇಕಾದದ್ದು ಕಣ್ಣಿಗೆ ಕಾಣದ್ದರ ಬಗ್ಗೆ. ಕೊಳವೆಯಲ್ಲಿ ಒತ್ತಡವಿರುವಾಗ ಸೋರುವ ಜಾಗದಿಂದ ನೀರು ಹೊರಬರುತ್ತದೆ. ಒತ್ತಡ ಇಳಿದಾಗ ಅದೇ ತೂತಿನಿಂದ ಮಣ್ಣಿನ ತೇವ, ಪಕ್ಕದ ಒಳಚರಂಡಿಯ ಕೊಳಕು ಒಳಗೆ ಸೇರಬಹುದು. ನಲ್ಲಿಯ ಕೊಳವೆಗೆ ನೇರವಾಗಿ ಮೋಟಾರ್ ಹಾಕಿ ಎಳೆಯುವವರು ಈ ಅಪಾಯವನ್ನು ಹಲವು ಪಟ್ಟು ಹೆಚ್ಚಿಸುತ್ತಾರೆ. ಅದು ನಿಷಿದ್ಧ, ಅಕ್ಕಪಕ್ಕದವರ ನೀರನ್ನು ಕಸಿಯುವುದರ ಜೊತೆಗೆ ಚರಂಡಿಯ ನೀರನ್ನು ತನ್ನ ಮನೆಗೇ ಎಳೆದುಕೊಳ್ಳುವ ಕೆಲಸವದು. ನೀರು ಬಂದ ಮೊದಲ ಹದಿನೈದು ಇಪ್ಪತ್ತು ನಿಮಿಷ ಸಂಪಿನ ಕವಾಟ ಮುಚ್ಚಿ, ಅಂಗಳದ ನಲ್ಲಿಯಿಂದ ಬಕೆಟ್ಟಿಗೆ ಹಿಡಿಯಿರಿ. ಆ ನೀರು ಗಿಡಕ್ಕೆ, ಶೌಚಕ್ಕೆ ಆಗುತ್ತದೆ. ತಿಳಿಯಾದ ಮೇಲೆ ಸಂಪಿಗೆ ಬಿಡಿ, ಒಂದೆರಡು ದಿನ ಕುಡಿಯುವ ನೀರನ್ನು ಕುದಿಸಿ. ನಾತ ಬಂದರೆ ಬಳಸಲೇಬೇಡಿ, ಕೂಡಲೇ ದೂರು ಕೊಡಿ. ನಲ್ಲಿಯ ಕೊನೆಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬ ಮಾನದಂಡವಿದೆ, ಸ್ಥಳಕ್ಕೆ ಬಂದ ಸಿಬ್ಬಂದಿಯನ್ನು ಪರೀಕ್ಷಿಸಿ ತೋರಿಸುವಂತೆ ಕೇಳಲು ಹಿಂಜರಿಯಬೇಡಿ.

ಪ್ರಶ್ನೆ: 200 ಮನೆಗಳ ವಸತಿ ಸಮುಚ್ಚಯದ ಸಂಘದ ಕಾರ್ಯದರ್ಶಿಯಾಗಿದ್ದೇನೆ. ಸುತ್ತೋಲೆ ಕಳುಹಿಸಿದರೆ ಯಾರೂ ಓದುವುದಿಲ್ಲ. ಬಳಕೆ ಇಳಿಸುವುದು ಹೇಗೆ? ಟ್ಯಾಂಕರ್ ಬುಕ್ ಮಾಡಿಟ್ಟುಕೊಳ್ಳಬೇಕೇ?
(ಓದುಗರು, ವೈಟ್‌ಫೀಲ್ಡ್)

ಉತ್ತರ: ಜನರನ್ನು ಒಪ್ಪಿಸುವುದಕ್ಕಿಂತ ನಲ್ಲಿಯನ್ನು ಒಪ್ಪಿಸುವುದು ಸುಲಭ. ಸಾಮಾನ್ಯ ನಲ್ಲಿಯಿಂದ ನಿಮಿಷಕ್ಕೆ ಹತ್ತು ಹನ್ನೆರಡು ಲೀಟರ್ ಸುರಿಯುತ್ತದೆ. ನಲ್ಲಿಯ ಬಾಯಿಗೆ ಏರಿಯೇಟರ್, ಅಂದರೆ ನೀರಿಗೆ ಗಾಳಿ ಬೆರೆಸುವ ಜಾಲರಿ, ಹಾಕಿದರೆ ಅದು ಮೂರು ನಾಲ್ಕು ಲೀಟರಿಗೆ ಇಳಿಯುತ್ತದೆ, ಕೈತೊಳೆಯುವವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. 2024ರ ಬೇಸಿಗೆಯಲ್ಲಿ ಜಲಮಂಡಳಿ ವಾಣಿಜ್ಯ ಕಟ್ಟಡಗಳಿಗೆ, ವಸತಿ ಸಮುಚ್ಚಯಗಳ ಸಾಮಾನ್ಯ ಬಳಕೆಯ ನಲ್ಲಿಗಳಿಗೆ ಇದನ್ನು ಕಡ್ಡಾಯ ಮಾಡಿತ್ತು. ಹಳೆಯ ಫ್ಲಶ್ ತೊಟ್ಟಿ ಪ್ರತಿ ಸಲ ಹತ್ತು ಲೀಟರ್ ಸುರಿಸುತ್ತದೆ. ಒಂದು ಲೀಟರಿನ ಬಾಟಲಿ ತುಂಬಿ ತೊಟ್ಟಿಯೊಳಗಿಟ್ಟರೆ ಅಷ್ಟು ಉಳಿತಾಯ. ಆರ್‌ಒ ಯಂತ್ರ ಹೊರಹಾಕುವ ನೀರನ್ನು ಬಕೆಟ್ಟಿಗೆ ಹಿಡಿದರೆ ನೆಲ ಒರೆಸಲು ಬೇರೆ ನೀರು ಬೇಡ. ಓವರ್‌ಹೆಡ್ ಟ್ಯಾಂಕಿನಿಂದ ಮನೆಗಳಿಗೆ ಇಳಿಯುವ ಕವಾಟವನ್ನು ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ಮುಚ್ಚಿ, ಮುಚ್ಚುವ ಮುಂಚೆಯೂ ಅನಂತರವೂ ಟ್ಯಾಂಕಿನ ಮಟ್ಟ ಅಳೆಯಿರಿ. ಇನ್ನೊಂದು ರಾತ್ರಿ ತೆರೆದಿಟ್ಟು ಅಳೆಯಿರಿ. ತೆರೆದಿಟ್ಟ ರಾತ್ರಿ ಮಾತ್ರ, ಎಲ್ಲರೂ ಮಲಗಿದ್ದಾಗಲೂ ಮಟ್ಟ ಇಳಿದಿದ್ದರೆ ಅದು ಬಹುಮಟ್ಟಿಗೆ ಯಾವುದೋ ಮನೆಯ ಕೆಟ್ಟ ಫ್ಲಶ್ ಕವಾಟದ ಕೆಲಸ. ಸುತ್ತೋಲೆಯ ಬದಲು ಈ ಅಳತೆಯನ್ನು ಲಿಫ್ಟಿನ ಬಳಿ ಬರೆದು ಹಾಕಿ, ಜನ ಓದುತ್ತಾರೆ.

ಕಾರು ತೊಳೆಯಲು, ಹುಲ್ಲುಹಾಸಿಗೆ, ಕಾರಂಜಿಗೆ ಕುಡಿಯುವ ನೀರನ್ನು ಬಳಸಬಾರದೆಂದು 2024ರಲ್ಲೂ 2025ರಲ್ಲೂ ಆದೇಶ ಹೊರಟಿತ್ತು, ತಪ್ಪಿದರೆ ದಂಡ 5000 ರೂಪಾಯಿ. ನಿಮ್ಮಲ್ಲೇ ತ್ಯಾಜ್ಯನೀರು ಸಂಸ್ಕರಣಾ ಘಟಕವಿರುತ್ತದೆ, ತೋಟಕ್ಕೆ ಆ ನೀರು ಸಾಕು. ಟ್ಯಾಂಕರ್ ಬುಕ್ ಮಾಡುವ ಮುಂಚೆ ಸಂಪಿನ ಲೆಕ್ಕ ಹಾಕಿ: ಮಿತ ಬಳಕೆಯಲ್ಲಿ 200 ಮನೆಗಳಿಗೆ ದಿನಕ್ಕೆ ಐವತ್ತು ಸಾವಿರ ಲೀಟರಿನ ಸುತ್ತಮುತ್ತ ಬೇಕಾಗುತ್ತದೆ, ಕೊಳವೆಬಾವಿಯೂ ಇದ್ದರೆ ಬಹುಪಾಲು ನಿಭಾಯಿಸಬಹುದು. ಕರೆಸಲೇಬೇಕಾದರೆ ಬೆಲೆಯ ಬಗ್ಗೆ ಎಚ್ಚರವಿರಲಿ. 2024ರ ಮಾರ್ಚಿನಲ್ಲಿ ಜಿಲ್ಲಾಡಳಿತವು ಐದು ಕಿಲೋಮೀಟರ್ ಒಳಗಿನ ದೂರಕ್ಕೆ 6000 ಲೀಟರಿನ ಟ್ಯಾಂಕರಿಗೆ 600, 12,000 ಲೀಟರಿನದಕ್ಕೆ 1000 ರೂಪಾಯಿಯೆಂದು ದರ ಕಟ್ಟಿತ್ತು. ಪ್ರತಿ ನಿಲುಗಡೆಗೂ ಮುನ್ನ ಇಂಥ ದರವನ್ನು ಘೋಷಿಸಿದರೆ ಟ್ಯಾಂಕರಿನವರಿಗೂ ಜನರಿಗೂ ಜಗಳವಿರುವುದಿಲ್ಲ. ಅಂದಹಾಗೆ, ನೀರು ಮರಳಿದ ದಿನ ನಿಮ್ಮ ಸಂಪಿನ ಕವಾಟವನ್ನು ಅರ್ಧವೇ ತೆರೆಯಿರಿ. ಹಿಂದಿನ ಪ್ರಶ್ನೆ ಕೇಳಿದವರಂಥವರು ನಿಮ್ಮ ಬೀದಿಯ ಕೊನೆಯಲ್ಲೂ ಇದ್ದಾರೆ.

ಪ್ರಶ್ನೆ: ಮಗಳು ಕೆನಡಾದ ಕ್ಯಾಲ್ಗರಿಯಲ್ಲಿದ್ದಾಳೆ. ಅಲ್ಲಿಯೂ 2024ರಲ್ಲಿ ಕೊಳವೆ ದುರಸ್ತಿಗೆಂದು ತಿಂಗಳುಗಟ್ಟಲೆ ನೀರಿನ ನಿರ್ಬಂಧವಿತ್ತಂತೆ. ಶ್ರೀಮಂತ ದೇಶದಲ್ಲೂ ಹೀಗಾಗುತ್ತದೆಯೇ? ನಾವು ಕಲಿಯುವಂಥದ್ದು ಇದೆಯೇ?
(ಓದುಗರು, ಮೈಸೂರು)

ಉತ್ತರ: ಆಗುತ್ತದೆ. 2024ರ ಜೂನ್ 5ರಂದು ಕ್ಯಾಲ್ಗರಿಯ ಬೇರ್ಸ್‌ಪಾ ದಕ್ಷಿಣ ಮುಖ್ಯ ಕೊಳವೆ ಒಡೆಯಿತು. 1975ರಲ್ಲಿ ಹಾಕಿದ, ಸುಮಾರು ಎರಡು ಮೀಟರ್ ವ್ಯಾಸದ ಆ ಕಾಂಕ್ರೀಟ್ ಕೊಳವೆ ನಗರದ ಶುದ್ಧ ನೀರಿನ ಶೇ. 60ರವರೆಗೆ ಹೊರುತ್ತಿತ್ತು. ತುರ್ತು ದುರಸ್ತಿ ಮುಗಿಸಿ ಪರೀಕ್ಷಿಸಿದಾಗ ಮತ್ತಷ್ಟು ದುರ್ಬಲ ಜಾಗಗಳು ಕಂಡವು. ಅವು ಒಡೆಯುವವರೆಗೆ ಕಾಯದೆ ಆಗಸ್ಟ್ 26ರಿಂದ ಸುಮಾರು ಒಂದು ತಿಂಗಳು ದಿನ ಗೊತ್ತುಮಾಡಿ ಕೊಳವೆಯನ್ನು ಮುಚ್ಚಿ ಸರಿಪಡಿಸಿದರು. ಮನೆಯ ಹೊರಗೆ ನೀರು ಬಳಸುವುದನ್ನು ನಿಷೇಧಿಸಿದರು, ಒಳಗಿನ ಬಳಕೆಯನ್ನು ಕಾಲುಭಾಗ ಇಳಿಸಲು ಕೇಳಿಕೊಂಡರು.

ನಾವು ಕಲಿಯಬೇಕಾದದ್ದು ಅವರು ನಡೆಸಿದ ಒಂದು ಸರಳ ಕ್ರಮವನ್ನು. ಹಿಂದಿನ ದಿನ ನಗರ ಎಷ್ಟು ಲೀಟರ್ ಬಳಸಿತು, ಅಪಾಯವಿಲ್ಲದ ಮಿತಿ ಎಷ್ಟು ಎಂಬುದನ್ನು ಅಲ್ಲಿಯ ಆಡಳಿತ ದಿನದಿನವೂ ಜನರ ಮುಂದಿಟ್ಟಿತು. ಮಿತಿ ಮೀರಿದ ದಿನ ಅದನ್ನೂ ಮುಚ್ಚಿಡದೆ ಹೇಳಿತು. ತಾವು ಉಳಿಸಿದ ನೀರು ಎಲ್ಲಿ ಹೋಯಿತೆಂದು ತಿಳಿಯದೆ ಯಾರೂ ಬಹುದಿನ ಉಳಿಸಲಾರರು. ಬೆಂಗಳೂರಿನಲ್ಲಿ ಕಾಲುಭಾಗಕ್ಕೂ ಹೆಚ್ಚು ನೀರು ಸೋರಿಕೆಯಲ್ಲಿ, ಅಕ್ರಮ ಸಂಪರ್ಕಗಳಲ್ಲಿ, ಅಳತೆಗೆ ಸಿಗದೆ ಹೋಗುತ್ತದೆ. ಮನೆಯವರಿಗೆ ಮಿತವ್ಯಯ ಹೇಳುವಾಗ ಈ ನಷ್ಟ ಒಂದೊಂದು ನಿಲುಗಡೆಯ ಕೆಲಸದಿಂದ ಎಷ್ಟು ತಗ್ಗಿತೆಂಬ ಲೆಕ್ಕವನ್ನೂ ಕೊಡಬೇಕು. ನಿಲುಗಡೆಯ ಮೂರು ದಿನ, ಅದರ ಮುಂದಿನ ಎರಡು ದಿನ, ಬೆಳಿಗ್ಗೆ ಆರಕ್ಕೆ ಪ್ರತಿ ವಲಯದ ಜಲಾಗಾರದಲ್ಲಿ ಎಷ್ಟು ನೀರಿದೆ, ಯಾವ ಬಡಾವಣೆಗೆ ಎಷ್ಟು ಹೊತ್ತಿಗೆ ಬಿಡುತ್ತಾರೆ ಎಂಬುದು ಕನ್ನಡದಲ್ಲಿ ಪ್ರತಿಯೊಬ್ಬರ ಫೋನಿಗೂ ಬಡಾವಣೆಯ ನೋಟಿಸ್ ಬೋರ್ಡಿಗೂ ಬರಬೇಕು. ಜಲಾಗಾರಗಳ ಮಟ್ಟವನ್ನು ಸಿಬ್ಬಂದಿ ಹೇಗೂ ದಿನವೂ ನೋಡುತ್ತಾರೆ.